ಉಂಗುರದ ಕಥೆ, ಡಂಗುರದ ದನಿ

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು ಮ್ಯಾಂಡೊಲಿನ್ ಇರುವ ಒಂದು ಒಳ್ಳೆ ರಾಕ್ ಹಾಡು ಹೇಳಿ ಎಂದು ಕೇಳಿದ್ದರು. ಲೆಡ್ ಜೆಪ್ಪೆಲಿನ್ ತಂಡದ 'ದಿ ಬ್ಯಾಟಲ್ ಆಫ್ ಎವರ್‌ಮೋರ್' ಕೇಳಿ ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನನಗಂತೂ ಖುಷಿಯೇ. ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಮ್ಯಾಂಡೊಲಿನ್ ನುಡಿಸಿದವನು ನಾನು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಮನೆ, ಎಲ್ಲಾ ಕಡೆ ನುಡಿಸಿದ್ದೇನೆ. ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಮನೆಗೆ ಬರುವಾಗ ಕೇಳುತ್ತಿದ್ದುದು ಜಾಸ್ತಿ ಈ ಹಾಡನ್ನೇ. ಈ ಸಲದ ಪುಟ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಸರ್, 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಸಲ ಓದಿದ್ದೇನೆ. ನೀವು ಹೇಳಿದ ಹಾಡು ಆ ಪುಸ್ತಕದ ಮೇಲೆ ಬರೆದದ್ದು ಅಂತ ಗೆಳೆಯರು ಹೇಳುತ್ತಾರೆ. ಹಾಡಿನ ರಾಣಿ ಯಾರು, ರಾಜಕುಮಾರ ಯಾರು, ಯಾವ ಯುದ್ಧ ಅಂತ ಹೊಂದಿಸಲು ಹೋದರೆ ಹೊಂದುತ್ತಲೇ ಇಲ್ಲ. ಇದು ಆ ಕಥೆ ಹೌದೋ ಅಲ್ಲವೋ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಅರ್ಧ ಹೌದು. ಕತ್ತಲ ದೊರೆ, ಕಪ್ಪು ಬಟ್ಟೆ ತೊಟ್ಟು ಕುದುರೆ ಏರಿ ಬರುವ ಉಂಗುರದ ಪ್ರೇತಗಳು, ಇವೆರಡೂ ನೇರವಾಗಿ ಟೋಲ್ಕಿನ್ ಪುಸ್ತಕದಿಂದಲೇ ಬಂದಿವೆ. ಪುಸ್ತಕ ಓದದವರಿಗಾಗಿ ಒಂದು ಮಾತು. ಜೆ. ಆರ್. ಆರ್. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. 1954 ಮತ್ತು 1955ರಲ್ಲಿ ಆ ದೊಡ್ಡ ಕಥೆ ಮೂರು ಭಾಗವಾಗಿ ಅಚ್ಚಾಯಿತು. ಅದರಲ್ಲಿ ಒಂಬತ್ತು ಜನ ಉಂಗುರದ ಆಸೆಗೆ ಬಿದ್ದು ಕತ್ತಲ ದೊರೆ ಸೌರಾನ್‌ನ ಗುಲಾಮರಾಗುತ್ತಾರೆ. ಮೈ ಕರಗಿ ಹೋಗಿ ನೆರಳಾಗಿ ಉಳಿಯುತ್ತಾರೆ. ಮೂರನೆಯ ಭಾಗದಲ್ಲಿ ಒಂದು ದಿನ ಬೆಳಗೇ ಆಗುವುದಿಲ್ಲ. ಕೋಟೆಯೊಳಗಿನ ಜನ ಕತ್ತಲಲ್ಲೇ ಕೂತು ಯುದ್ಧಕ್ಕೆ ಕಾಯುತ್ತಾರೆ. ಆಮೇಲೆ ಪೆಲೆನ್ನೋರ್ ಬಯಲಿನ ಯುದ್ಧ. ಪ್ರೇತಗಳ ನಾಯಕನನ್ನು ಅಲ್ಲಿ ಕೊಲ್ಲುವುದು ಗಂಡು ವೇಷದಲ್ಲಿ ಬಂದ ಎಯೋವಿನ್ ಎಂಬ ಹೆಣ್ಣುಮಗಳು. ತುಂಬಾ ಜನ ಈ ಹಾಡನ್ನು ಆ ಯುದ್ಧದ ಜೊತೆ ಇಟ್ಟು ಕೇಳುತ್ತಾರೆ. ನಾನೂ ಹಾಗೇ ಕೇಳುತ್ತೇನೆ.

ಆದರೆ ಅದೇ ಹಾಡಿನಲ್ಲಿ ಆವಲಾನ್ ಅನ್ನುವ ಹೆಸರೂ ಬರುತ್ತದಲ್ಲ? ಅದು ಟೋಲ್ಕಿನ್‌ದು ಅಲ್ಲ, ಆರ್ಥರ್ ರಾಜನ ಕಥೆಯದು. ಗಾಯಗೊಂಡ ಆರ್ಥರ್‌ನನ್ನು ಕರೆದುಕೊಂಡು ಹೋಗುವ ದ್ವೀಪ ಅದು. ಹಳೆಯ ಕಥೆಗಳಲ್ಲಿ ಅದಕ್ಕೆ ಸೇಬಿನ ದ್ವೀಪ ಎಂಬ ಹೆಸರೂ ಇದೆ. ಹಾಡಿನಲ್ಲಿ ಕಣಿವೆಯ ಸೇಬುಗಳ ಮಾತು ಬಂದಾಗ ಅದನ್ನು ನೆನಪಿಟ್ಟುಕೊಳ್ಳಿ. ಹಾಡು ಬರೆದ, ತಂಡದ ಗಾಯಕ ರಾಬರ್ಟ್ ಪ್ಲಾಂಟ್ ಆ ದಿನಗಳಲ್ಲಿ ಸ್ಕಾಟ್ಲೆಂಡಿನ ಗಡಿಯ ಯುದ್ಧಗಳ ಮೇಲೆ ಒಂದು ಪುಸ್ತಕವನ್ನೂ ಓದುತ್ತಿದ್ದರು. ಮೂರು ಕಡೆಯ ನೀರು ಒಂದೇ ಕೆರೆಗೆ ಹರಿದಿದೆ. ನೀವು ಒಂದೇ ಹಳ್ಳ ಹುಡುಕುತ್ತಾ ಹೊರಟಿದ್ದೀರಿ, ಅದಕ್ಕೇ ಹೊಂದುತ್ತಿಲ್ಲ. ನಮ್ಮ ಕಡೆ ಜನಪದರ ಭಾರತದಲ್ಲಿ ಪಾಂಡವರು ನಮ್ಮೂರ ಬೆಟ್ಟದಲ್ಲೇ ಅಡುಗೆ ಮಾಡಿ ಉಣ್ಣುತ್ತಾರೆ, ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಎವರ್‌ಮೋರ್ ಅನ್ನುವ ಊರೂ ಟೋಲ್ಕಿನ್ ಪುಸ್ತಕದಲ್ಲಿ ಇಲ್ಲ. ಎಂದೆಂದಿಗೂ ಮುಗಿಯದ ಯುದ್ಧ ಅಂತ ಆ ಹೆಸರಿನ ಅರ್ಥ ಮಾಡಿಕೊಳ್ಳಿ.

ಪ್ಲಾಂಟ್‌ಗೆ ಈ ಪುಸ್ತಕದ ಗೀಳು ಮೊದಲಿಂದ ಇತ್ತು. 1969ರ 'ರ‍್ಯಾಂಬಲ್ ಆನ್' ಹಾಡಿನಲ್ಲೇ ಟೋಲ್ಕಿನ್ ಕಥೆಯ ಮೊರ್ಡೋರ್ ನಾಡು ಮತ್ತು ಗೊಲ್ಲಮ್ ಎಂಬ ಪಾತ್ರ ಬಂದುಹೋಗಿವೆ. ಅವರ ನಾಯಿಯ ಹೆಸರು ಸ್ಟ್ರೈಡರ್, ಅದೂ ಆ ಕಥೆಯ ನಾಯಕರಲ್ಲಿ ಒಬ್ಬನ ಅಡ್ಡಹೆಸರು. ಆದರೆ 'ರ‍್ಯಾಂಬಲ್ ಆನ್' ಹುಡುಗಿಯನ್ನು ಹುಡುಕಿ ಅಲೆಯುವ ಹುಡುಗನ ಹಾಡು. ಪುಸ್ತಕದಿಂದ ಅದಕ್ಕೆ ಹೆಸರುಗಳಷ್ಟೇ ಬಂದಿವೆ. ಎವರ್‌ಮೋರ್‌ಗೆ ಆ ಪುಸ್ತಕದ ಭಯವೇ ಬಂದಿದೆ. ಬೆಳಗಾಗದ ಆ ದಿನದ ಅಧ್ಯಾಯವನ್ನು ನಾಲ್ಕನೇ ಸಲ ಓದಿ, ಪುಸ್ತಕ ಮುಚ್ಚಿಟ್ಟು, ಲೈಟ್ ಆರಿಸಿ ಹಾಡು ಹಾಕಿ. ರಾಣಿ ಯಾರು ಅಂತ ಹುಡುಕುವುದು ಆಮೇಲೆ ಇರಲಿ.

ಪ್ರಶ್ನೆ: ಹಾಡಿನಲ್ಲಿ ಇನ್ನೊಂದು ಸಣ್ಣ ದನಿ ಕೇಳುತ್ತದೆ. ಹೆಂಗಸಿನ ದನಿ ಅಂತ ನಾನು, ಅದೇ ಗಾಯಕ ದನಿ ಏರಿಸಿ ಹಾಡಿದ್ದಾನೆ ಅಂತ ನನ್ನ ಮಗ. ಮನೆಯಲ್ಲಿ ಎರಡು ದಿನದಿಂದ ಇದೇ ವಾದ. ಯಾರು ಸರಿ?
— ಶಾಲಾ ಶಿಕ್ಷಕಿ, ಶಿರಸಿ

ನೀವು ಸರಿ ಮೇಡಂ. ಆದರೆ ಮಗನನ್ನು ಬಯ್ಯಬೇಡಿ. ನಾನೂ ಹನ್ನೊಂದು ವರ್ಷ ಅವನ ಹಾಗೇ ನಂಬಿದ್ದೆ.

1986ರಲ್ಲಿ ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ ಗೆಳೆಯನ ಟೇಪ್ ರೆಕಾರ್ಡರ್‌ನಲ್ಲಿ ಈ ಹಾಡು ಮೊದಲ ಸಲ ಕೇಳಿದೆ. ಅಂಗಡಿಯಲ್ಲಿ ಕಾಪಿ ಮಾಡಿಸಿದ ಕ್ಯಾಸೆಟ್. ಒಳಗಿನ ಚೀಟಿಯಲ್ಲಿ ನೀಲಿ ಇಂಕಿನಲ್ಲಿ ಹಾಡುಗಳ ಹೆಸರು ಮಾತ್ರ ಇತ್ತು. ಪ್ಲಾಂಟ್ ದನಿ ಎಷ್ಟು ಮೇಲಕ್ಕೆ ಹೋಗುತ್ತದೆ ಅಂತ ನಮಗೆ ಗೊತ್ತಿತ್ತು. ಇದೂ ಅವರದೇ ಇರಬೇಕು, ಎರಡು ಸಲ ರೆಕಾರ್ಡ್ ಮಾಡಿ ಸೇರಿಸಿರಬೇಕು ಅಂದುಕೊಂಡೆವು. ಆಮೇಲೆ 1997ರಲ್ಲಿ ಬೆಂಗಳೂರಿನ ಒಬ್ಬ ಹಿರಿಯರ ಮನೆಯಲ್ಲಿ ಅಸಲಿ ಎಲ್‌ಪಿ ಕೈಗೆ ಬಂತು. ಒಳಗಿನ ಕವರ್ ಹೊರಗೆ ಎಳೆದು ಓದಿದೆ. ಆ ಹಾಡಿನ ಜೊತೆ ಸ್ಯಾಂಡಿ ಡೆನ್ನಿ ಅಂತ ಒಂದು ಹೆಸರು ಇತ್ತು. ಆ ಎಲ್‌ಪಿಯಲ್ಲಿ ತಂಡದ ನಾಲ್ವರೂ ತಮ್ಮ ಹೆಸರಿನ ಬದಲು ಒಂದೊಂದು ಚಿಹ್ನೆ ಹಾಕಿಕೊಂಡಿದ್ದಾರೆ. ಆಕೆಗೂ ಒಂದು ಕೊಟ್ಟಿದ್ದರು, ಮೂರು ತ್ರಿಕೋನ ಸೇರಿದ ಚಿಕ್ಕ ಗುರುತು. ಅವತ್ತು ಆ ಮನೆಯವರನ್ನು ಕೇಳಿ ಹಾಡನ್ನು ಮೂರು ಸಲ ಹಾಕಿಸಿದೆ. ಅಷ್ಟು ವರ್ಷ ಕೇಳಿದ್ದ ಹಾಡೇ ಬೇರೆ, ಅವತ್ತು ಕೇಳಿದ್ದೇ ಬೇರೆ.

ಡೆನ್ನಿ ಹುಟ್ಟಿದ್ದು 1947ರಲ್ಲಿ, ಲಂಡನ್ನಿನಲ್ಲಿ. ಫೇರ್‌ಪೋರ್ಟ್ ಕನ್ವೆನ್ಶನ್ ತಂಡದಲ್ಲಿ ಹಾಡುತ್ತಿದ್ದರು. ಇಂಗ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಕಥನಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ಹಾಡಿದ ತಂಡ ಅದು. 1969ರ ಅವರ 'ಲೀಜ್ ಅಂಡ್ ಲೀಫ್' ಆಲ್ಬಮ್‌ನಲ್ಲಿ 'ಟ್ಯಾಮ್ ಲಿನ್' ಅಂತ ಒಂದು ಹಾಡಿದೆ. ಸ್ಕಾಟ್ಲೆಂಡ್ ಗಡಿ ಕಡೆಯ ಹಾಡು. ಯಕ್ಷಿಣಿಯರ ರಾಣಿ ಒಬ್ಬ ಹುಡುಗನನ್ನು ಹಿಡಿದಿಟ್ಟುಕೊಂಡಿರುತ್ತಾಳೆ. ಅವನನ್ನು ಪ್ರೀತಿಸಿದ ಹುಡುಗಿ ರಾತ್ರಿ ಹೋಗಿ ಕುದುರೆಯಿಂದ ಕೆಳಗೆಳೆದು ತಬ್ಬಿ ಹಿಡಿಯುತ್ತಾಳೆ. ಅವನು ತೋಳಿನಲ್ಲೇ ಒಂದೊಂದು ರೂಪಕ್ಕೆ ತಿರುಗಿದರೂ ಬಿಡುವುದಿಲ್ಲ. ನೋಡಿ, ಮಾಯೆ, ರಾಣಿ, ರಾತ್ರಿ ಕುದುರೆ ಸವಾರಿ ಇವೆಲ್ಲ ಹಳ್ಳಿ ಹಾಡಿನಲ್ಲಿ ಎಂದಿನಿಂದಲೋ ಇದ್ದವು. ಟೋಲ್ಕಿನ್ ಮೇಷ್ಟ್ರೂ ಅಂಥ ಹಳೆಯ ಹಾಡು, ಕಾವ್ಯಗಳನ್ನೇ ಓದಿ ಓದಿ ತಮ್ಮ ಲೋಕ ಕಟ್ಟಿದ್ದು. ಅವರ ಪುಸ್ತಕದಲ್ಲಿ ಪಾತ್ರಗಳು ದಾರಿಯುದ್ದಕ್ಕೂ ಹಾಡುತ್ತಲೇ ಇರುತ್ತವೆ. ಈ ಹಾಡಿಗೆ ಡೆನ್ನಿ ದನಿ ಬೇಕು ಅಂತ ಪ್ಲಾಂಟ್‌ಗೆ ಅನಿಸಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಲೆಡ್ ಜೆಪ್ಪೆಲಿನ್ ಆಲ್ಬಮ್‌ಗಳಲ್ಲಿ ಹೊರಗಿನಿಂದ ಬಂದು ಹಾಡಿದ ಗಾಯಕಿ ಆಕೆ ಒಬ್ಬರೇ.

ಈಗ ಮುಖ್ಯ ವಿಷಯ. ಇಬ್ಬರ ಕೆಲಸ ಬೇರೆ ಬೇರೆ. ಪ್ಲಾಂಟ್ ಕಥೆ ಹೇಳುತ್ತಾರೆ. ರಾಣಿ ಹೊರಟಳು, ರಾಜಕುಮಾರ ಕತ್ತಲಲ್ಲಿ ನಡೆದ, ಕತ್ತಲ ದೊರೆ ಬರುತ್ತಿದ್ದಾನೆ, ಹೀಗೆ. ಡೆನ್ನಿ ಕಥೆ ಹೇಳುವುದಿಲ್ಲ. ಊರಿಗೆ ಡಂಗುರ ಸಾರುತ್ತಾರೆ. ಇದು ನಾನು ಕಟ್ಟಿದ್ದಲ್ಲ, ಹಾಡು ಮಾಡುವಾಗಲೇ ಆಕೆಗೆ ಕೊಟ್ಟ ಪಾತ್ರ ಡಂಗುರದವರದು. ನೇಗಿಲು, ಗುದ್ದಲಿ ಅಲ್ಲೇ ಬಿಟ್ಟು ಬನ್ನಿ, ಮನೆಗೆ ಬೀಗ ಹಾಕುತ್ತಾ ನಿಲ್ಲಬೇಡಿ ಅನ್ನುವ ಅರ್ಥದ ಸಾಲು ಆಕೆಯದು. ಅದೊಂದು ಸಾಲಿನಲ್ಲಿ ಹಾಡಿನೊಳಗೆ ಜನ ಬಂದುಬಿಟ್ಟರು. ಹೊಲದಲ್ಲಿ ನಿಂತ ರೈತ, ಬಾಗಿಲಲ್ಲಿ ನಿಂತ ಅವನ ಹೆಂಡತಿ, ಇಬ್ಬರೂ ಬಂದರು. ದೊರೆ, ಪ್ರೇತ, ಮಾಯೆಯ ಅಕ್ಷರ ಎಷ್ಟಿದ್ದರೂ ಈ ಜನ ಇಲ್ಲದೆ ಹೋಗಿದ್ದರೆ ಅದು ದೂರದ ಕಥೆಯಾಗೇ ಉಳಿಯುತ್ತಿತ್ತು. ಆಕೆ ಕೂಗಿದಾಗ ನನಗೆ ನಮ್ಮ ಅಜ್ಜಿ ಊರಿನಲ್ಲಿ ಕೆರೆ ಏರಿ ಬಿರಿದ ರಾತ್ರಿ ತಮಟೆ ಬಡಿದು ಕೂಗುತ್ತಾ ಬಂದವರ ದನಿ ನೆನಪಾಗುತ್ತದೆ. ಆಗ ನನಗೆ ಏಳು ವರ್ಷ. ಕೂಗಿದ ಮಾತು ಮರೆತಿದೆ. ಕತ್ತಲಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದ ಬಿಗಿ ಮರೆತಿಲ್ಲ.

ಇನ್ನೊಮ್ಮೆ ಹಾಡು ಹಾಕಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ಲಾಂಟ್ ಸಾಲು ಮುಗಿದು ಆಕೆ ಎತ್ತಿಕೊಳ್ಳುವ ಜಾಗದಲ್ಲಿ ಅವನಿಗೆ ಗೊತ್ತಾಗುತ್ತದೆ. ಪ್ಲಾಂಟ್ ಎತ್ತರದ ಸ್ವರಕ್ಕೆ ಹೋದಾಗ ಗಂಟಲು ಬಿಗಿಯುತ್ತದೆ. ಡೆನ್ನಿ ಅದೇ ಎತ್ತರಕ್ಕೆ ತೆರೆದ ಗಂಟಲಿನಲ್ಲಿ ಹೋಗುತ್ತಾರೆ.

ಪ್ರಶ್ನೆ: ಕರ್ನಾಟಕ ಶೈಲಿಯ ಪಿಟೀಲು ಐದು ವರ್ಷ ಕಲಿತಿದ್ದೇನೆ. ಈ ಹಾಡು ಕೇಳಿ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಂಡೊಲಿನ್ ತಂದೆ. ಬೆರಳು ಉರಿಯುತ್ತದೆ, ನಾದ ಬರುತ್ತಿಲ್ಲ. ನನ್ನಿಂದ ಆಗುತ್ತದಾ?
— ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಖಂಡಿತ ಆಗುತ್ತದಮ್ಮ. ಮೊದಲು ಒಂದು ಕಥೆ ಕೇಳು. ಈ ಹಾಡಿನಲ್ಲಿ ಮ್ಯಾಂಡೊಲಿನ್ ನುಡಿಸಿದವರು ಜಿಮ್ಮಿ ಪೇಜ್, ತಂಡದ ಗಿಟಾರ್ ವಾದಕ. ಆ ವಾದ್ಯ ಅವರದಲ್ಲ, ಬೇಸ್ ನುಡಿಸುತ್ತಿದ್ದ ಜಾನ್ ಪಾಲ್ ಜೋನ್ಸ್ ಅವರದು. ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಅನ್ನುವ ಹಳೆಯ ಮನೆಯಲ್ಲಿ ತಂಡ ಬೀಡುಬಿಟ್ಟಿತ್ತು. 1795ರಲ್ಲಿ ಬಡಬಗ್ಗರಿಗೆ ಅಂತ ಕಟ್ಟಿಸಿದ ಮನೆ ಅದು. ಹೊರಗೆ ರೋಲಿಂಗ್ ಸ್ಟೋನ್ಸ್ ತಂಡದ ಸ್ಟುಡಿಯೋ ಗಾಡಿ ನಿಂತಿರುತ್ತಿತ್ತು. ಒಂದು ರಾತ್ರಿ ಅಲ್ಲೇ ಬಿದ್ದಿದ್ದ ಮ್ಯಾಂಡೊಲಿನ್ ಅನ್ನು ಪೇಜ್ ಕೈಗೆತ್ತಿಕೊಂಡರು. ಅದಕ್ಕೂ ಮೊದಲು ಅವರು ಆ ವಾದ್ಯ ನುಡಿಸಿದವರೇ ಅಲ್ಲ. ಸುಮ್ನೆ ಬೆರಳಾಡಿಸುತ್ತಿದ್ದಾಗ ಈ ಹಾಡು ಬಂತು. ಜೋನ್ಸ್ ಇದರಲ್ಲಿ ಅಕೌಸ್ಟಿಕ್ ಗಿಟಾರ್ ಹಿಡಿದರು.

ಈಗ ನಿನ್ನ ವಿಷಯ. ಮ್ಯಾಂಡೊಲಿನ್‌ಗೆ ಎಂಟು ತಂತಿ, ಎರಡೆರಡು ಜೊತೆಯಾಗಿ ನಾಲ್ಕು ಸಾಲು. ಮಂದ್ರದಿಂದ ತಾರಕ್ಕೆ ಜಿ, ಡಿ, ಎ, ಇ. ನಿನ್ನ ಪಿಟೀಲಿಗೆ ಸ-ಪ-ಸ-ಪ ಶ್ರುತಿ ಮಾಡಿರುತ್ತೀಯ. ಇದರಲ್ಲಿ ಪ್ರತಿ ತಂತಿಗೂ ಮುಂದಿನ ತಂತಿಗೂ ಷಡ್ಜ-ಪಂಚಮದ ಅಂತರ. ಮೊದಲು ಆ ಜೋಡಿ ತಂತಿಗಳು ಒಂದಕ್ಕೊಂದು ಸೇರಿವೆಯಾ ನೋಡು. ಹಳೆಯ ವಾದ್ಯದಲ್ಲಿ ನಾದ ಬರದಿರುವುದಕ್ಕೆ ನೂರಕ್ಕೆ ತೊಂಬತ್ತು ಪಾಲು ಅದೇ ಕಾರಣ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇದ್ದರೂ ಎರಡು ತಂತಿ ಜಗಳ ಆಡುತ್ತವೆ. ಆ ಜಗಳ ನಿಂತ ಕ್ಷಣ ಗೊತ್ತಾಗುತ್ತದೆ, ವಾದ್ಯದ ಹೊಟ್ಟೆ ನಿನ್ನ ಪಕ್ಕೆಗೆ ಗುಂಯ್ ಅಂತ ನಡುಗುತ್ತದೆ. ಎರಡನೆಯದು, ಪಿಟೀಲಿನ ಹಾಗೆ ಬೆರಳನ್ನು ಸ್ವರದ ಮೇಲೇ ಇಡಬೇಡ. ವಾದ್ಯದ ಕತ್ತಿನ ಮೇಲಿನ ಮೆಟ್ಟಿಲಿಗೆ, ಅಂದರೆ ಫ್ರೆಟ್‌ಗೆ, ಅಂಟಿಕೊಂಡ ಹಾಗೆ ಸ್ವಲ್ಪ ಹಿಂದೆ ಇಟ್ಟು ಒತ್ತು. ಎರಡು ತಂತಿ ಒಟ್ಟಿಗೆ ಬೆರಳ ತುದಿಯ ಮಾಂಸಕ್ಕೆ ಎರಡು ಗೆರೆ ಕೊರೆಯುತ್ತವೆ. ಮೂರು ವಾರ ಉರಿ ಇರುತ್ತದೆ, ನಾಲ್ಕನೇ ವಾರಕ್ಕೆ ಚರ್ಮ ಗಟ್ಟಿಯಾಗುತ್ತದೆ. ನೀರಿನಲ್ಲಿ ನೆನೆದ ಬೆರಳಲ್ಲಿ ನುಡಿಸಬೇಡ, ಸಿಪ್ಪೆ ಎದ್ದುಬಿಡುತ್ತದೆ.

ಈ ಹಾಡಿನ ಗುಟ್ಟು ಖಾಲಿ ತಂತಿಗಳಲ್ಲಿದೆ. ಒಂದೆರಡು ಬೆರಳು ಇಟ್ಟು ಉಳಿದ ತಂತಿ ಹಾಗೇ ಮಿಡಿಯಲು ಬಿಟ್ಟರೆ ತಂಬೂರಿಯ ಹಾಗೆ ಒಂದು ಹಾಸು ಬರುತ್ತದೆ. ಬಲಗೈ ಮಣಿಕಟ್ಟು ಸಡಿಲ ಇರಲಿ, ಪಿಕ್ ಮೇಲೆ ಕೆಳಗೆ ಒಂದೇ ಸಮ ಓಡಲಿ. ಮೊದಲು ನಿಧಾನ ನುಡಿಸು. ಗಮಕ ಬರುತ್ತಿಲ್ಲ ಅಂತ ಬೇಜಾರಾಗಬೇಡ. ಜೋಡಿ ತಂತಿಯನ್ನು ಎಳೆದು ಗಮಕ ತೆಗೆಯುವುದು ಕಷ್ಟ, ನಾದವೂ ಬೇಗ ನಿಲ್ಲುತ್ತದೆ. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು, ಜೋಡಿ ತಂತಿ ಬಿಟ್ಟು ಐದು ಒಂಟಿ ತಂತಿ ಹಾಕಿಕೊಂಡರು. ಅವರದನ್ನೂ ಕೇಳು. ಎರಡೂ ಒಂದೇ ವಾದ್ಯವಾ ಅನ್ನಿಸುತ್ತದೆ.

ಪ್ರಶ್ನೆ: ಪೂರ್ತಿ ಹಾಡಿನಲ್ಲಿ ಡ್ರಮ್ಸ್ ಇಲ್ಲ. ಇದನ್ನು ರಾಕ್ ಅನ್ನುವುದು ಹೇಗೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಇಲ್ಲ, ತಂಡದ ಡ್ರಮ್ಸ್ ವಾದಕ ಜಾನ್ ಬಾನಮ್ ಈ ಹಾಡಿನಲ್ಲಿ ಡ್ರಮ್ಸ್ ಮುಟ್ಟಿಲ್ಲ. ಅದೇ ಹೆಡ್ಲಿ ಗ್ರೇಂಜ್ ಮನೆಯಲ್ಲಿ, ಅದೇ ಆಲ್ಬಮ್‌ನ ಕೊನೆಯ ಹಾಡಿಗೆ ಅವರ ಡ್ರಮ್ಸ್ ಅನ್ನು ಮೆಟ್ಟಿಲ ಬುಡದ ಹಜಾರದಲ್ಲಿಟ್ಟು, ಮೈಕನ್ನು ಮೇಲಿನ ಅಂತಸ್ತಿನಿಂದ ಇಳಿಬಿಟ್ಟು ರೆಕಾರ್ಡ್ ಮಾಡಿದರು. ಗುಡುಗಿನ ಹಾಗಿದೆ. ಅಂಥವರು ಇಲ್ಲಿ ಕೈ ಕಟ್ಟಿ ಕೂತಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ತಾಳಕ್ಕೆ ಮ್ಯಾಂಡೊಲಿನ್ ಪಿಕ್ಕಿನ ಏಟೇ ಸಾಕು. ರಾಕ್ ಅನ್ನಿ, ಜನಪದ ಅನ್ನಿ, ಆ ಹೆಸರಿಗೆ ನಾನು ಜಗಳ ಆಡುವುದಿಲ್ಲ.

ಪ್ರಶ್ನೆ: ಕೆಲಸಕ್ಕೆ ಅಂತ ಬರ್ಮಿಂಗ್‌ಹ್ಯಾಮ್‌ಗೆ ಬಂದು ಎರಡು ವರ್ಷ ಆಯಿತು. ಈ ಹಾಡಿಗೆ ಸಂಬಂಧಪಟ್ಟ ಜಾಗ ಇಲ್ಲಿ ಏನಾದರೂ ಇದೆಯೇ?
— ಚಿಕ್ಕಮಗಳೂರಿನವರು, ಈಗ ಇಂಗ್ಲೆಂಡ್

ನೀವು ಸರಿಯಾದ ಊರಿನಲ್ಲೇ ಇದ್ದೀರಿ. ನಿಮ್ಮ ಊರಿನ ದಕ್ಷಿಣಕ್ಕೆ ಸೇರ್‌ಹೋಲ್ ಅಂತ ಇದೆ, ಅಲ್ಲೊಂದು ನೀರಿನ ಗಿರಣಿ ಇದೆ. ಟೋಲ್ಕಿನ್ ಚಿಕ್ಕ ಹುಡುಗನಾಗಿದ್ದಾಗ ಅದರ ಪಕ್ಕದಲ್ಲೇ ಬೆಳೆದರು. ಈಗ ಅದು ಮ್ಯೂಸಿಯಂ. ಪ್ಲಾಂಟ್ ಹುಟ್ಟಿದ ವೆಸ್ಟ್ ಬ್ರಾಮ್‌ವಿಚ್ ನಿಮ್ಮ ಊರಿಗೆ ಅಂಟಿಕೊಂಡೇ ಇದೆ. ಪುಸ್ತಕ ಬರೆದವರು, ಹಾಡು ಬರೆದವರು ಒಂದೇ ಸೀಮೆಯವರು. ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ, ಹಾಡು ಹೊರಬಂದ ಎರಡು ವರ್ಷದ ಒಳಗೆ.

ಇನ್ನೊಂದು ಸ್ವಾರಸ್ಯ. 1971ರ ನವೆಂಬರ್‌ನಲ್ಲಿ ಬಂದ ಆ ಆಲ್ಬಮ್‌ನ ಕವರ್ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಮ್ ಹೆಸರೂ ಇಲ್ಲ. ಬೆನ್ನ ಮೇಲೆ ಕಡ್ಡಿಯ ಹೊರೆ ಹೊತ್ತ ಮುದುಕನ ಚಿತ್ರ ಇದೆ. ಆತ ಯಾರು ಅಂತ 2023ರಲ್ಲಿ ಪತ್ತೆಯಾಯಿತು. ವಿಲ್ಟ್‌ಶೈರ್ ಕಡೆ ಮನೆಗಳಿಗೆ ಹುಲ್ಲು ಹೊದಿಸುತ್ತಿದ್ದ ಕೆಲಸಗಾರ. ಅವನ ಫೋಟೋ ಸಿಕ್ಕಿದ್ದು 1892ರ ಒಂದು ಹಳೆಯ ಆಲ್ಬಮ್‌ನಲ್ಲಿ. ಟೋಲ್ಕಿನ್ ಹುಟ್ಟಿದ ವರ್ಷವೂ ಅದೇ. ಡೆನ್ನಿ ಕೂಗಿ ಕರೆದ ಜನರಲ್ಲಿ ಒಬ್ಬನನ್ನು ಕವರ್ ಮೇಲೆ ನಿಲ್ಲಿಸಿದ ಹಾಗೆ ನನಗೆ ಕಾಣುತ್ತಾನೆ.

ಪ್ರಶ್ನೆ: ಲೆಡ್ ಜೆಪ್ಪೆಲಿನ್‌ಗೂ ಭಾರತಕ್ಕೂ ಏನಾದರೂ ನಂಟು ಇದೆಯಾ? ಡೆನ್ನಿ ಈ ಹಾಡನ್ನು ವೇದಿಕೆ ಮೇಲೆ ಹಾಡಿದ್ದಾರಾ?
— ಓದುಗರು, ಮಂಗಳೂರು

ನಂಟು ಇದೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಬಾಂಬೆಗೆ ಬಂದು ಇಲ್ಲಿನ ವಾದಕರ ಜೊತೆ ತಮ್ಮ ಎರಡು ಹಾಡು ರೆಕಾರ್ಡ್ ಮಾಡಿದರು. ಅದರಲ್ಲಿ ಒಂದು, 'ಫೋರ್ ಸ್ಟಿಕ್ಸ್', ಎವರ್‌ಮೋರ್ ಇರುವ ಆಲ್ಬಮ್‌ನದೇ. ಆ ರೆಕಾರ್ಡಿಂಗ್ ಜನರ ಕೈಗೆ ಬಂದಿದ್ದು 2015ರಲ್ಲಿ.

ಡೆನ್ನಿ ಈ ಹಾಡನ್ನು ತಂಡದ ಜೊತೆ ವೇದಿಕೆಯಲ್ಲಿ ಹಾಡಲಿಲ್ಲ. ತಂಡದ 1977ರ ಅಮೆರಿಕ ಪ್ರವಾಸದಲ್ಲಿ ಆಕೆಯ ಪಾಲನ್ನು ಜೋನ್ಸ್ ಹಾಡಿದರು. ಮಾರನೆಯ ವರ್ಷ ಏಪ್ರಿಲ್‌ನಲ್ಲಿ ಡೆನ್ನಿ ತೀರಿಕೊಂಡರು. ಆಗ ಆಕೆಗೆ ಮೂವತ್ತೊಂದು.

1994ರಲ್ಲಿ ಪೇಜ್, ಪ್ಲಾಂಟ್ ಮತ್ತೆ ಜೊತೆಗೂಡಿ ಟಿವಿಗಾಗಿ ಈ ಹಾಡು ಎತ್ತಿಕೊಂಡರು. ಡಂಗುರದ ಸಾಲುಗಳಿಗೆ ಅವರು ಕರೆದದ್ದು ನಜ್ಮಾ ಅಖ್ತರ್ ಅವರನ್ನು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ, ಭಾರತ ಮೂಲದ ಗಜಲ್ ಗಾಯಕಿ. ಡೆನ್ನಿ ಸ್ವರವನ್ನು ನೇರ ಎಸೆಯುತ್ತಿದ್ದರು. ನಜ್ಮಾ ಅದೇ ಸ್ವರವನ್ನು ಸ್ವಲ್ಪ ತೂಗಿ, ಮುರಿದು, ಇಳಿಸಿ ಬಿಡುತ್ತಾರೆ. ಮೊದಲು ಕೇಳಿದಾಗ ನನಗೆ ಒಪ್ಪಲಿಲ್ಲ. ಆಮೇಲೆ ಒಂದು ಸಂಜೆ ಅಡುಗೆ ಮನೆಯಿಂದ ನನ್ನ ಹೆಂಡತಿ ಬಂದು, "ಯಾರ‍್ರೀ ಅದು, ನಮ್ಮವರ ಹಾಗೆ ಹಾಡ್ತಾರಲ್ಲ" ಅಂದಳು. ಕೈ ಒರೆಸಿಕೊಂಡು ಅಲ್ಲೇ ಬಾಗಿಲಿಗೆ ಒರಗಿ ಕೊನೆತನಕ ಕೇಳಿದಳು. ಆಮೇಲೆ ಡೆನ್ನಿ ಹಾಡಿದ್ದನ್ನೂ ಹಾಕಿಸಿಕೊಂಡಳು. ಈಗ ನಮ್ಮ ಮನೆಯಲ್ಲಿ ಎರಡೂ ಒಂದರ ಹಿಂದೆ ಒಂದು ಬರುತ್ತವೆ, ಡೆನ್ನಿ ಮೊದಲು.